ಉತ್ತರಕ್ಕೆ ಕಾದು ಕಲ್ಲಾದ ಕಂಪ್ಯೂಟರ್

2020ರ ನವೆಂಬರ್ 12. ನಮ್ಮಲ್ಲಿ ದೀಪಾವಳಿಗೆ ಎರಡೇ ದಿನ ಬಾಕಿ. ಅಮೆರಿಕದ ಆಪಲ್ ಕಂಪನಿ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆಂದು 'ಬಿಗ್ ಸರ್' ಎಂಬ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಅಂದು ಬಿಡುಗಡೆ ಮಾಡಿತು. ಅದೇ ಹೊತ್ತಿಗೆ ಲೋಕದ ನಾನಾ ಮೂಲೆಗಳಿಂದ ಒಂದೇ ಬಗೆಯ ದೂರು ಕೇಳಿಬಂತು: ಮ್ಯಾಕ್ ಗರ ಬಡಿದಂತೆ ನಿಂತುಬಿಟ್ಟಿದೆ. ಪರದೆಯ ಕೆಳಗಿನ ಚಿತ್ರವನ್ನು ಒತ್ತಿದರೆ ಅದು ಚೆಂಡಿನಂತೆ ಪುಟಿಯುತ್ತದೆ, ಪುಟಿಯುತ್ತಲೇ ಇರುತ್ತದೆ. ತಂತ್ರಾಂಶ ಮಾತ್ರ ತೆರೆಯುವುದಿಲ್ಲ. ಹೊಸ ವ್ಯವಸ್ಥೆಯನ್ನು ಹಾಕಿಕೊಂಡವರಿಗಷ್ಟೇ ಹೀಗಾಗಿದ್ದರೆ ಅದರದೇ ದೋಷ ಎನ್ನಬಹುದಿತ್ತು. ಅದನ್ನು ಮುಟ್ಟದೆ ಹಳೆಯ ವ್ಯವಸ್ಥೆಯಲ್ಲೇ ಇದ್ದವರ ಯಂತ್ರಗಳೂ ಮರಗಟ್ಟಿದ್ದವು.

ಆಗ ಕೆಲವರು ಒಂದು ವಿಚಿತ್ರವನ್ನು ಗಮನಿಸಿದರು. ಇಂಟರ್ನೆಟ್ ಸಂಪರ್ಕವನ್ನು ಪೂರ್ತಿ ಕಡಿದುಹಾಕಿದರೆ ಅದೇ ತಂತ್ರಾಂಶಗಳು ತಟ್ಟನೆ ತೆರೆದುಕೊಳ್ಳುತ್ತಿದ್ದವು! ಸಂಪರ್ಕ ಇದ್ದರೆ ಯಂತ್ರ ಸ್ತಬ್ಧ; ಇಲ್ಲದಿದ್ದರೆ ಚುರುಕು. ಸಾಮಾನ್ಯ ತಿಳಿವಳಿಕೆಗೆ ಇದು ತಲೆಕೆಳಗಾದ ಮಾತು.

ಕಾರಣ ಹೀಗಿತ್ತು. ಮ್ಯಾಕಿನಲ್ಲಿ ಒಂದು ತಂತ್ರಾಂಶವನ್ನು ತೆರೆಯುವಾಗ, ಅದನ್ನು ತಯಾರಿಸಿದವರಿಗೆ ಕೊಟ್ಟ ಪ್ರಮಾಣಪತ್ರ ರದ್ದಾಗಿದೆಯೇ ಎಂದು ಯಂತ್ರವು ಆಪಲ್‌ನ ಒಂದು ಸರ್ವರ್ ಅನ್ನು ಕೇಳಿ ತಿಳಿದುಕೊಳ್ಳುತ್ತಿತ್ತು. ಇದು ಕಳ್ಳ ತಂತ್ರಾಂಶಗಳನ್ನು ತಡೆಯುವ ಕಾವಲು. ಊರಿನ ಹೊರಗೆ ಇಂಟರ್ನೆಟ್ ಇಲ್ಲದ ಜಾಗದಲ್ಲಿ ಕುಳಿತವರಿಗೆ ತೊಂದರೆ ಆಗಬಾರದಲ್ಲ, ಅದಕ್ಕೆ ಸಂಪರ್ಕವೇ ಇಲ್ಲದಿದ್ದರೆ ಕೇಳದೆ ಮುಂದುವರಿಯುವ ಏರ್ಪಾಟೂ ಇತ್ತು. ಆದರೆ ಆ ದಿನ ಸರ್ವರ್ ಸತ್ತಿರಲಿಲ್ಲ, ನಿಧಾನವಾಗಿತ್ತು. ಬಾಗಿಲು ತೆರೆದಿತ್ತು, ಒಳಗಿನಿಂದ ಉತ್ತರ ಬರುತ್ತಿರಲಿಲ್ಲ. ಸಂಪರ್ಕ ಇಲ್ಲದಿದ್ದರೆ ಏನು ಮಾಡಬೇಕೆಂದು ಮ್ಯಾಕಿಗೆ ಗೊತ್ತಿತ್ತು, ಉತ್ತರ ಬಂದರೆ ಏನು ಮಾಡಬೇಕೆಂಬುದೂ ಗೊತ್ತಿತ್ತು. ಉತ್ತರ ಬರುವುದೋ ಇಲ್ಲವೋ ತಿಳಿಯದ ನಡುವಿನ ಸ್ಥಿತಿಯಲ್ಲಿ ಅದಕ್ಕೆ ಗೊತ್ತಿದ್ದುದು ಕಾಯುವುದೊಂದೇ. ಸರ್ವರಿನ ಇಂಥ ವೈಫಲ್ಯಗಳಿಗೆ ಎದುರಾಗಿ ಗಟ್ಟಿಯಾದ ರಕ್ಷಣೆ ಒದಗಿಸುವುದಾಗಿ ಆಪಲ್ ಆಮೇಲೆ ಹೇಳಿತು.

ಮನೆಯ ಕಂಪ್ಯೂಟರು, ಶಾಲೆಯ ಪ್ರಯೋಗಾಲಯದ ಯಂತ್ರ, ಕೈಯಲ್ಲಿರುವ ಫೋನು ಇವುಗಳಲ್ಲಿ ತಂತ್ರಾಂಶ ಹೆಪ್ಪುಗಟ್ಟುವ ಎಷ್ಟೋ ಪ್ರಸಂಗಗಳ ಹಿಂದೆ ಇದೇ ಕತೆಯಿದೆ. ಹೆಚ್ಚಿನವರು ಯಂತ್ರವನ್ನು ಬೈಯುತ್ತಾರೆ, ವೈರಸ್ ಬಂತೆಂದು ಹೆದರುತ್ತಾರೆ, ಕೆಲವರು ಹೊಸ ಕಂಪ್ಯೂಟರು ಕೊಳ್ಳುವ ಮಾತಾಡುತ್ತಾರೆ. ಯಂತ್ರದ ತಪ್ಪೇನೂ ಇರುವುದಿಲ್ಲ. ಅದು ಯಾರಿಗೋ ಪ್ರಶ್ನೆ ಕೇಳಿ, ಉತ್ತರಕ್ಕೆ ಕಿವಿಗೊಟ್ಟು ನಿಂತಿರುತ್ತದೆ.

ಒಬ್ಬನೇ ಮಾಣಿಯ ಹೋಟೆಲು

ಕಾಯುವುದಾದರೆ ಕಾಯಲಿ, ಅಷ್ಟಕ್ಕೇ ಇಡೀ ಪರದೆ ಏಕೆ ನಿಶ್ಚಲವಾಗಬೇಕು? ಮೌಸ್ ಒತ್ತಿದರೆ ಏಕೆ ಕೇಳಿಸಿಕೊಳ್ಳಬಾರದು?

ಒಂದು ಸಣ್ಣ ಹೋಟೆಲನ್ನು ಕಲ್ಪಿಸಿಕೊಳ್ಳಿ. ಆರು ಮೇಜು, ಒಬ್ಬನೇ ಮಾಣಿ. ಮೊದಲ ಮೇಜಿನವರು ಮಸಾಲೆದೋಸೆ ಕೇಳಿದರು. ಬುದ್ಧಿವಂತ ಮಾಣಿಯಾದರೆ ಅಡುಗೆಮನೆಗೆ ಕೂಗಿ ಹೇಳಿ, ಅದು ಆಗುವಷ್ಟರಲ್ಲಿ ಎರಡನೆಯ ಮೇಜಿಗೆ ನೀರು ಕೊಟ್ಟು, ಮೂರನೆಯದನ್ನು ಒರೆಸಿ ಬರುತ್ತಾನೆ. ನಮ್ಮ ಮಾಣಿ ಹಾಗಲ್ಲ. ದೋಸೆ ಏಳುವವರೆಗೆ ಹಂಚಿನ ಮುಂದೆಯೇ ಕೈಕಟ್ಟಿ ನಿಂತುಬಿಡುತ್ತಾನೆ. ಬಿಸಿ ಹಂಚಿನ ಮೇಲೆ ದೋಸೆ ಎರಡು ನಿಮಿಷದಲ್ಲಿ ಆಗುವಾಗ ಯಾರಿಗೂ ಇದು ಗೊತ್ತಾಗುವುದಿಲ್ಲ. ಗ್ಯಾಸ್ ಮುಗಿದ ದಿನ ಮಾತ್ರ ಹೊರಗೆ ಕುಳಿತವರಿಗೆ ಹೋಟೆಲೇ ಸತ್ತಂತೆ ಕಾಣುತ್ತದೆ.

ತಂತ್ರಾಂಶದಲ್ಲಿಯೂ ಪರದೆಯನ್ನು ಬಿಡಿಸುವ, ಮೌಸ್ ಮತ್ತು ಕೀಲಿಮಣೆಗೆ ಓಗೊಡುವ ಕೆಲಸವನ್ನು ಸಾಮಾನ್ಯವಾಗಿ ಒಂದೇ 'ಎಳೆ' ಮಾಡುತ್ತದೆ. ಕಾರ್ಯಕ್ರಮ ಬರೆದವನು ಜಾಲದಿಂದ ಮಾಹಿತಿ ತರುವ ಕೆಲಸವನ್ನೂ ಅದೇ ಎಳೆಗೆ ಒಪ್ಪಿಸಿದ್ದರೆ ಮಾಣಿ ಹಂಚಿನ ಮುಂದೆ ನಿಂತಂತೆಯೇ. ಬರೆದವನ ಕಚೇರಿಯಲ್ಲಿ ಜಾಲ ವೇಗವಾಗಿದ್ದುದರಿಂದ ದೋಷ ಅವನ ಕಣ್ಣಿಗೆ ಬಿದ್ದಿರುವುದಿಲ್ಲ. ಅದು ಕಾಣುವುದು ಮಳೆಗಾಲದ ಸಂಜೆ, ಮಲೆನಾಡಿನ ಯಾವುದೋ ಮನೆಯಲ್ಲಿ.

ವಿಂಡೋಸ್ ವ್ಯವಸ್ಥೆಗೆ ಇದಕ್ಕೊಂದು ಅಳತೆಯಿದೆ. ಒಂದು ತಂತ್ರಾಂಶ 5 ಸೆಕೆಂಡು ತನಗೆ ಬಂದ ಸಂದೇಶಗಳನ್ನು ತೆಗೆದುಕೊಳ್ಳದೆ ಹೋದರೆ ವಿಂಡೋಸ್ ಅದನ್ನು ಸ್ಪಂದಿಸದ ತಂತ್ರಾಂಶವೆಂದು ಪರಿಗಣಿಸಿ, ಅದರ ಕಿಟಕಿಯ ಮೇಲೆ ಬಿಳಿಚಿದ ನಕಲೊಂದನ್ನು ಹೊದಿಸಿ, ತಲೆಪಟ್ಟಿಯಲ್ಲಿ 'ನಾಟ್ ರೆಸ್ಪಾಂಡಿಂಗ್' ಎಂದು ಬರೆಯುತ್ತದೆ. ಈ ನಕಲಿಗೆ ತಜ್ಞರು ಇಟ್ಟ ಹೆಸರು ಭೂತದ ಕಿಟಕಿ! ಆ ಮಾತುಗಳು ಕಂಡ ಕೂಡಲೇ ತಂತ್ರಾಂಶ ಸತ್ತಿತೆಂದು ತಿಳಿಯಬೇಕಿಲ್ಲ. 5 ಸೆಕೆಂಡು ಮೌನವಾಗಿತ್ತು ಎಂಬುದಷ್ಟೇ ಅದರ ಅರ್ಥ.

ಇನ್ನು ಪರದೆಯ ನಡುವೆ ತಿರುಗುವ ಆ ಚಕ್ರ. ಅದು ತಿರುಗುತ್ತಿದೆ ಎಂದರೆ ಒಳಗೆ ಏನೋ ನಡೆಯುತ್ತಿದೆ ಎಂದು ಎಲ್ಲರೂ ನಂಬುತ್ತಾರೆ. ಚಕ್ರಕ್ಕೂ ಒಳಗಿನ ಕೆಲಸಕ್ಕೂ ಎಷ್ಟೋ ವೇಳೆ ಸಂಬಂಧವೇ ಇಲ್ಲ. ಅದು ತನ್ನ ಪಾಡಿಗೆ ತಿರುಗುವ ಚಿತ್ರ. ಸಂಪರ್ಕ ಕಡಿದು ಅರ್ಧ ಗಂಟೆಯಾದರೂ ತಿರುಗಬಲ್ಲದು.

ಒಂದರಿಂದ ನೂರಿಪ್ಪತ್ತೇಳು

ಹಾಗಾದರೆ ಯಂತ್ರ ಎಷ್ಟು ಹೊತ್ತು ಕಾಯುತ್ತದೆ? ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ.

ಇಂಟರ್ನೆಟ್ಟಿನ ಬಹುಪಾಲು ವ್ಯವಹಾರ ನಡೆಯುವುದು ಟಿಸಿಪಿ ಎಂಬ ನಿಯಮಾವಳಿಯ ಪ್ರಕಾರ. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಎಂಬಿಬ್ಬರು 1974ರಲ್ಲಿ ಅದರ ರೂಪುರೇಷೆಯನ್ನು ಪ್ರಕಟಿಸಿದರು. 1983ರ ಜನವರಿ 1ರಿಂದ ಅಮೆರಿಕದ ಆರ್ಪಾನೆಟ್ ಜಾಲ ಪೂರ್ತಿ ಅದಕ್ಕೆ ಹೊರಳಿತು. ಮಾತು ಶುರುವಾಗುವ ಮೊದಲು ಇಲ್ಲಿ ಮೂರು ಸಂದೇಶಗಳ ವಿನಿಮಯ ಆಗಬೇಕು. 'ಮಾತಾಡೋಣವೇ?' ಎಂದು ಇಲ್ಲಿಂದ. 'ಆಗಲಿ, ನಿನಗೆ ಕೇಳಿಸುತ್ತಿದೆಯೇ?' ಎಂದು ಅಲ್ಲಿಂದ. 'ಕೇಳಿಸುತ್ತಿದೆ' ಎಂದು ಮತ್ತೆ ಇಲ್ಲಿಂದ. ಹಿಂದೆ ಟ್ರಂಕ್ ಕಾಲ್ ಮಾಡಿದವರಿಗೆ ಈ 'ಹಲೋ, ಹಲೋ' ಹೊಸದಲ್ಲ.

ಮೊದಲ ಕರೆಗೆ ಅತ್ತ ಕಡೆಯ ಯಂತ್ರ ಎಚ್ಚರವಾಗಿದ್ದು, 'ಇಲ್ಲಿ ಅಂಥ ಸೇವೆ ಇಲ್ಲ' ಎಂದು ನಿರಾಕರಿಸಿದರೆ ಒಳ್ಳೆಯದೇ. ನಿರಾಕರಣೆ ಕ್ಷಣದಲ್ಲಿ ಬರುತ್ತದೆ, ತಂತ್ರಾಂಶ ತಪ್ಪು ಸಂದೇಶ ತೋರಿಸಿ ಸುಮ್ಮನಾಗುತ್ತದೆ. ತೊಂದರೆ ಮೌನದ್ದು. ದಾರಿಯಲ್ಲಿ ಸಂದೇಶ ಕಳೆದುಹೋಯಿತೋ, ನಡುವಿನ ಭದ್ರತಾ ಗೋಡೆ ಸದ್ದಿಲ್ಲದೆ ನುಂಗಿತೋ, ಅತ್ತಲಿನ ಯಂತ್ರವೇ ಆರಿಹೋಗಿದೆಯೋ ತಿಳಿಯದು. ಆಗ ಮತ್ತೊಮ್ಮೆ ಕರೆಯಬೇಕು. ಲಿನಕ್ಸ್ ವ್ಯವಸ್ಥೆಯಲ್ಲಿ ಹಿಂದೆ ಬಹುಕಾಲ ಇದ್ದ ವಾಡಿಕೆಯ ಏರ್ಪಾಟಿನಲ್ಲಿ ಮೊದಲ ಕರೆಯ ನಂತರ 1 ಸೆಕೆಂಡು ಕಾದು ಎರಡನೆಯ ಕರೆ. ಆಮೇಲೆ 2 ಸೆಕೆಂಡು. ಆಮೇಲೆ 4, 8, 16, 32. ಕೊನೆಯ ಕರೆಯಾದ ಮೇಲೆ 64 ಸೆಕೆಂಡು ಕಾದು ಕೈಚೆಲ್ಲುವುದು. ಪಿ.ಯು. ವಿದ್ಯಾರ್ಥಿಗಳು ಗುಣೋತ್ತರ ಶ್ರೇಢಿಯ ಸೂತ್ರ ಹಾಕಿ ನೋಡಲಿ: ಏಳು ಪದಗಳ ಮೊತ್ತ 127 ಸೆಕೆಂಡು. ಎರಡು ನಿಮಿಷ ದಾಟಿತು. ಎದುರಿಗೆ ಕುಳಿತವರ ಪಾಲಿಗೆ ಅದು ಎರಡು ಯುಗ.

ಇದು ಪರಿಚಯದ ಹಂತ. ಸಂಭಾಷಣೆಯ ನಡುವೆ ಎದುರಿನವರು ಮಾಯವಾದರೆ ಕತೆ ಇನ್ನೂ ಉದ್ದ. ಅದೇ ಲಿನಕ್ಸ್, ಉತ್ತರ ಬಾರದ ಮಾಹಿತಿಯನ್ನು 15 ಬಾರಿ ಮರಳಿ ಕಳಿಸಿ ನೋಡುತ್ತದೆ. ಅಷ್ಟರಲ್ಲಿ ಸುಮಾರು ಕಾಲು ಗಂಟೆ ಕಳೆದಿರುತ್ತದೆ. ಇನ್ನು ಏನನ್ನೂ ಕಳಿಸದೆ ಬರೀ ಕೇಳಿಸಿಕೊಳ್ಳಲು ಕುಳಿತ ತಂತ್ರಾಂಶಕ್ಕೆ, ಅತ್ತ ಕಡೆಯವರು ಹೋದರೆಂಬುದು ತಿಳಿಯುವ ದಾರಿಯೇ ಇಲ್ಲ. ಕಾಲ ಮಿತಿಯನ್ನು ಕಾರ್ಯಕ್ರಮ ಬರೆದವನೇ ಹಾಕಬೇಕು. ಪೈಥಾನ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಇದು ತಿಳಿದಿರಲಿ: ಆ ಭಾಷೆಯಲ್ಲಿ ಜಾಲಪುಟ ತರಲು ಬಹಳ ಜನ ಬಳಸುವ 'ರಿಕ್ವೆಸ್ಟ್ಸ್' ಎಂಬ ಸಿದ್ಧ ಭಾಗವು, 'ಟೈಮ್‌ಔಟ್' ಇಷ್ಟೆಂದು ನೀವಾಗಿ ಬರೆಯದಿದ್ದರೆ, ತನ್ನದಾಗಿ ಯಾವ ಮಿತಿಯನ್ನೂ ಹಾಕಿಕೊಳ್ಳುವುದಿಲ್ಲ. ಒಂದು ಪದ, ಒಂದು ಅಂಕಿ ಸೇರಿಸಿದರೆ ಸಾಕು. ಪಠ್ಯಪುಸ್ತಕದ ಉದಾಹರಣೆಗಳಲ್ಲಿ ಅದು ಅಪರೂಪಕ್ಕೂ ಕಾಣದಿರುವುದು ಸರಿಯಲ್ಲ.

ನಾನೂರು ಗಜದ ದೂರ

ಸೆಕೆಂಡಿಗೊಮ್ಮೆ ಬಿಡದೆ ಕರೆಯಬಾರದೇಕೆ, ಪ್ರತಿ ಸಲ ಬಿಡುವನ್ನು ಇಮ್ಮಡಿ ಮಾಡುವುದೇಕೆ ಎಂದು ಚುರುಕಾದ ಮಕ್ಕಳು ಕೇಳಬಹುದು. ಇದಕ್ಕೆ ಉತ್ತರ 1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು.

ಅಲ್ಲಿನ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದುದು ಸುಮಾರು 400 ಗಜ ಅಂತರ. ಎರಡರ ನಡುವಿನ ಸಂಪರ್ಕದಲ್ಲಿ ಸೆಕೆಂಡಿಗೆ 32,000 ಬಿಟ್‌ಗಳಷ್ಟು ಮಾಹಿತಿ ಹರಿಯುತ್ತಿತ್ತು. ಇದ್ದಕ್ಕಿದ್ದಂತೆ ಅದು 40 ಬಿಟ್‌ಗಳಿಗೆ ಕುಸಿಯಿತು. ಅಕ್ಷರಕ್ಕೆ 8 ಬಿಟ್‌ಗಳ ಲೆಕ್ಕದಲ್ಲಿ ಸಾವಿರ ಅಕ್ಷರಗಳ ಪತ್ರ ಮೊದಲು ಕಾಲು ಸೆಕೆಂಡಿನಲ್ಲಿ ತಲುಪುತ್ತಿದ್ದದ್ದು ಈಗ 200 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಪತ್ರ ಹಿಡಿದು ನಡೆದುಕೊಂಡು ಹೋಗಿದ್ದರೂ ಹೆಚ್ಚುಕಮ್ಮಿ ಅಷ್ಟರಲ್ಲಿ ತಲುಪಿಸಬಹುದಿತ್ತು!

ತಂತಿ ತುಂಡಾಗಿರಲಿಲ್ಲ. ಜಾಲದಲ್ಲಿ ದಟ್ಟಣೆ ಹೆಚ್ಚಿ ಕೆಲವು ಪೊಟ್ಟಣಗಳು ತಡವಾದವು, ಕೆಲವು ಕಳೆದುಹೋದವು. ಉತ್ತರ ಬಾರದ್ದರಿಂದ ಪ್ರತಿ ಯಂತ್ರವೂ ಅದೇ ಪೊಟ್ಟಣವನ್ನು ಮತ್ತೆ ಮತ್ತೆ ತಳ್ಳಿತು. ದಾರಿ ನಕಲುಗಳಿಂದ ತುಂಬಿಹೋಯಿತು. ಅಸಲು ಹೋಗಲು ಜಾಗವೇ ಉಳಿಯಲಿಲ್ಲ. ಜಾತ್ರೆಯ ದಿನ ಒಂದೇ ಬಸ್ಸಿನ ಬಾಗಿಲಿಗೆ ಎಲ್ಲರೂ ನುಗ್ಗಿದರೆ ಬಸ್ಸೂ ಹೊರಡುವುದಿಲ್ಲ, ಜನರೂ ಹತ್ತುವುದಿಲ್ಲ, ಹಾಗೆ. ಆ ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್, ವಿಶ್ವವಿದ್ಯಾಲಯದ ಮೈಕೆಲ್ ಕೆರೆಲ್ಸ್ ಜೊತೆಗೂಡಿ ಈ ಕುಸಿತವನ್ನು ಅಭ್ಯಸಿಸಿದರು. ಜೇಕಬ್‌ಸನ್‌ರ ಪ್ರಬಂಧ 1988ರಲ್ಲಿ ಹೊರಬಂತು. ಅದರ ತಿರುಳು ಇಷ್ಟು: ಸಂದೇಶ ಕಳೆದುಹೋಯಿತೆಂದರೆ ದಾರಿ ಗಿಜಿಗುಟ್ಟುತ್ತಿದೆ ಎಂದು ತಿಳಿದು ಪ್ರತಿಯೊಬ್ಬರೂ ಹಿಂದೆ ಸರಿಯಬೇಕು. ಕಳಿಸುವ ವೇಗ ಇಳಿಸಬೇಕು, ಮರುಯತ್ನಗಳ ನಡುವಿನ ಬಿಡುವನ್ನು ಹಿಗ್ಗಿಸುತ್ತ ಹೋಗಬೇಕು, ದಾರಿ ತೆರವಾದಂತೆ ಮೆಲ್ಲಗೆ ಮತ್ತೆ ಏರಬೇಕು. ಇಂದಿಗೂ ಲೋಕದ ಕಂಪ್ಯೂಟರುಗಳು ಈ ಶಿಸ್ತಿನ ಬೇರೆ ಬೇರೆ ರೂಪಗಳನ್ನು ಪಾಲಿಸುತ್ತಿವೆ.

ಯಂತ್ರಗಳು ಕಲಿತ ಈ ಶಿಸ್ತನ್ನು ಮನುಷ್ಯರ ಬೆರಳು ಇನ್ನೂ ಕಲಿತಿಲ್ಲ. ಎಸ್ಸೆಸ್ಸೆಲ್ಸಿ, ಪಿ.ಯು. ಫಲಿತಾಂಶದ ದಿನ ಪುಟ ತೆರೆಯದೆ ನಿಂತರೆ ರಾಜ್ಯದುದ್ದಕ್ಕೂ ಲಕ್ಷಾಂತರ ಜನ ಒಂದೇ ಸಮನೆ ಮರುಲೋಡ್ ಗುಂಡಿ ಒತ್ತುತ್ತಾರೆ. ಪ್ರತಿ ಒತ್ತಿಗೂ ಸರ್ವರಿನ ಬಾಗಿಲಲ್ಲಿ ಹೊಸ ಸಾಲು. ಹಳೆಯ ಪ್ರಶ್ನೆಗೆ ಅದು ಉತ್ತರ ಸಿದ್ಧಪಡಿಸುವಷ್ಟರಲ್ಲಿ ಕೇಳಿದವರು ಹೋಗಿ ಹೊಸದಾಗಿ ಬಂದು ನಿಂತಿರುತ್ತಾರೆ. ಆ ಗಳಿಗೆಯಲ್ಲಿ ತಂದೆತಾಯಿಗಳ ಆತಂಕ ಅರ್ಥವಾಗುವಂಥದ್ದೇ. ಆದರೂ ಹತ್ತು ನಿಮಿಷ ಬಿಟ್ಟು ಒಮ್ಮೆ ಒತ್ತುವವರಿಗೆ ಅಂಕಪಟ್ಟಿ ಬೇಗ ಸಿಗುವ ಸಂಭವ ಹೆಚ್ಚು.

ಹೆಸರು ಮತ್ತು ದೂರ

ಎಲ್ಲ ಮೌನವೂ ದೂರದ ಸರ್ವರಿನದೇ ಆಗಿರಬೇಕಿಲ್ಲ. ನಾವು ತಾಣಗಳನ್ನು ಹೆಸರಿನಿಂದ ಕರೆಯುತ್ತೇವೆ, ಯಂತ್ರಗಳಿಗೆ ಬೇಕಾದ್ದು ಸಂಖ್ಯೆ. ಹೆಸರು ಕೊಟ್ಟು ಸಂಖ್ಯೆ ಪಡೆಯುವ ವ್ಯವಸ್ಥೆಯೇ ಡಿಎನ್‌ಎಸ್. ಪಾಲ್ ಮಾಕಪೆಟ್ರಿಸ್ ಎಂಬವರು 1983ರಲ್ಲಿ ಅದನ್ನು ರೂಪಿಸಿದರು. ಸಾಮಾನ್ಯವಾಗಿ ಕಂಪ್ಯೂಟರಿಗೆ ಇಂಥ ಎರಡು ವಿಳಾಸ ಪುಸ್ತಕಗಳ ಗುರುತು ಕೊಟ್ಟಿರುತ್ತಾರೆ. ಮೊದಲನೆಯದು ಕೆಟ್ಟು ಕುಳಿತಿದ್ದರೆ ಯಂತ್ರ ಪ್ರತಿ ಸಲ ಅದನ್ನೇ ಮೊದಲು ಕೇಳಿ, ಕಾದು, ಸೋತು, ಆಮೇಲೆ ಎರಡನೆಯದಕ್ಕೆ ಹೋಗುತ್ತದೆ. ಲಿನಕ್ಸಿನಲ್ಲಿ ಹೀಗೆ ಕಾಯುವ ವಾಡಿಕೆಯ ಅವಧಿ 5 ಸೆಕೆಂಡು. ಹೊಸ ತಾಣಕ್ಕೆ ಹೋದಾಗೆಲ್ಲ ಗಡಿಯಾರ ಹಿಡಿದಂತೆ ಐದೈದು ಸೆಕೆಂಡು ತಡವಾಗಿ, ಆಮೇಲೆ ಪುಟ ಸರಾಗವಾಗಿ ತೆರೆದರೆ ದೋಷ ವೇಗದಲ್ಲಿಲ್ಲ, ವಿಳಾಸ ಪುಸ್ತಕದಲ್ಲಿದೆ. ಹೆಚ್ಚು ವೇಗದ ಸಂಪರ್ಕಕ್ಕೆ ದುಡ್ಡು ಕೊಟ್ಟರೂ ಅದು ಹೋಗದು.

ವೇಗವೆಂದು ಕಂಪನಿಗಳು ಮಾರುವುದು ಕೊಳವೆಯ ಅಗಲವನ್ನು. ಕೊಳವೆಯ ಉದ್ದ ಬೇರೆಯೇ ಮಾತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆದ ಕಾಲದಲ್ಲಿ ಅದು ಅಮೆರಿಕದ ಸಂಪರ್ಕಕ್ಕೆ ಉಪಗ್ರಹವನ್ನು ನೆಚ್ಚಿಕೊಂಡಿತ್ತು. ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಬೆಳಕಿನ ವೇಗದಲ್ಲೇ ಹೋದರೂ ಪ್ರಶ್ನೆ ಏರಿ ಇಳಿದು, ಉತ್ತರ ಏರಿ ಇಳಿಯಲು ಅರ್ಧ ಸೆಕೆಂಡಿಗೆ ಕೊಂಚ ಕಡಿಮೆ ಬೇಕು. ಒಂದು ಪ್ರಶ್ನೆಗೆ ಇದು ಏನೂ ಅಲ್ಲ. ಆದರೆ ಒಂದಾದ ಮೇಲೊಂದು ನೂರು ಸಣ್ಣ ಪ್ರಶ್ನೆ ಕೇಳುವ ಬಾಯಿಬಡುಕ ತಂತ್ರಾಂಶ ಅಲ್ಲಿ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹೊತ್ತು ನಿಂತುಬಿಡುತ್ತದೆ. ಕೊಳವೆಯನ್ನು ಎಷ್ಟು ಅಗಲ ಮಾಡಿದರೂ ಇದು ಕಡಿಮೆಯಾಗದು. ಅದೇ ನೂರನ್ನೂ ಒಟ್ಟಿಗೆ ಕೇಳುವಂತೆ ಬರೆದರೆ ಅರ್ಧ ಸೆಕೆಂಡಿನ ಕೆಲಸ.

ಮನೆಯಲ್ಲೇ ಪತ್ತೇದಾರಿಕೆ

ತಂತ್ರಾಂಶ ನಿಂತಿತು. ಈಗ ಏನು ಮಾಡಬೇಕು? ಹೆಚ್ಚಿನವರ ಮೊದಲ ಕೆಲಸ ವಿದ್ಯುತ್ ಗುಂಡಿಯನ್ನು ಒತ್ತಿ ಹಿಡಿಯುವುದು. ಅದು ಕೊನೆಯದಾಗಬೇಕು, ಏಕೆಂದರೆ ಉಳಿಸದೆ ಇದ್ದ ಬರಹ ಅದರೊಂದಿಗೆ ಹೋಗುತ್ತದೆ.

ಮೊದಲು ತಿಳಿಯಬೇಕಾದ್ದು ತಂತ್ರಾಂಶ ದುಡಿಯುತ್ತಿದೆಯೋ ಕಾಯುತ್ತಿದೆಯೋ ಎಂದು. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ನಿಂತ ತಂತ್ರಾಂಶದ ಮುಂದೆ ಸಿಪಿಯು ಪ್ರಮಾಣ ನೋಡಿ. ಅದು ಮೇಲಿದ್ದರೆ ತಂತ್ರಾಂಶ ಒಳಗೊಳಗೇ ಬೆವರು ಸುರಿಸುತ್ತಿದೆ. ದೊಡ್ಡ ಲೆಕ್ಕವಿರಬಹುದು, ಸುಳಿಯಲ್ಲಿ ಸಿಕ್ಕಿರಬಹುದು. ಸೊನ್ನೆಯ ಹತ್ತಿರವಿದ್ದರೆ ಅದು ಏನನ್ನೂ ಮಾಡುತ್ತಿಲ್ಲ, ಕಾಯುತ್ತಿದೆ. ಡಿಸ್ಕಿನ ದೀಪವೂ ಸುಮ್ಮನಿದ್ದರೆ ಕಾಯುತ್ತಿರುವುದು ಜಾಲಕ್ಕೆಂದು ಶಂಕಿಸಲು ಸಾಕಷ್ಟು ಆಧಾರವಿದೆ.

ಆಗ ಆಪಲ್ ಪ್ರಸಂಗದ ಉಪಾಯ. ವೈಫೈ ಆರಿಸಿ, ಅಥವಾ ತಂತಿ ಕಿತ್ತು ಅರ್ಧ ನಿಮಿಷ ನೋಡಿ. ಅರೆಬರೆ ಸಂಪರ್ಕ ಇದ್ದುದು ಈಗ ಖಚಿತವಾದ 'ಇಲ್ಲ' ಆಯಿತು. ಎಷ್ಟೋ ತಂತ್ರಾಂಶಗಳು ಆಗ ನಿಟ್ಟುಸಿರು ಬಿಟ್ಟಂತೆ ಎಚ್ಚೆತ್ತು, ಸಂಪರ್ಕ ಕಡಿಯಿತೆಂದು ಗೊಣಗಿ ಕೈಗೆ ಸಿಗುತ್ತವೆ. ಸಿಕ್ಕ ಕೂಡಲೇ ಬರಹವನ್ನು ಉಳಿಸಿಕೊಳ್ಳಬೇಕು. ಒಂದು ಎಚ್ಚರಿಕೆ: ಹಣ ಕಟ್ಟುವ ನಡುವೆ ಈ ಉಪಾಯವನ್ನು ಮಾಡಲೇಬಾರದು. ಏಕೆಂಬುದು ಮುಂದೆ ಬರುತ್ತದೆ.

ಜಾಲದಲ್ಲಿ ಎಲ್ಲಿ ಕಡಿದಿದೆ ಎಂದು ಹುಡುಕಲು 'ಪಿಂಗ್' ಎಂಬ ಪುಟ್ಟ ಆಜ್ಞೆಯಿದೆ. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿಗಳು ಶಬ್ದ ಕಳಿಸಿ ಪ್ರತಿಧ್ವನಿಗೆ ಕಿವಿಗೊಡುವ ಸೋನಾರ್‌ನ ಸದ್ದೇ ಹೆಸರಾಯಿತು. ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಎಂದು ಬರೆದು ಮುಂದೆ ಮನೆಯ ರೂಟರಿನ ಸಂಖ್ಯೆ ಕೊಡಿ. ಬಹಳ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಪ್ರತಿಧ್ವನಿ ಬಾರದಿದ್ದರೆ ತೊಂದರೆ ಮನೆಯೊಳಗೇ ಇದೆ: ವೈಫೈ ಬಲ ಸಾಲದು, ಗೋಡೆ ದಪ್ಪ, ತಂತಿ ಸಡಿಲ. ಬಂದರೆ 8.8.8.8 ಎಂಬ ಗೂಗಲ್‌ನ ಸಂಖ್ಯೆಯನ್ನು ಕೊಟ್ಟು ನೋಡಿ. ಅದಕ್ಕೆ ಉತ್ತರ ಬಾರದಿದ್ದರೆ ದೋಷ ಮನೆಯ ಹೊಸ್ತಿಲಾಚೆ, ಸೇವೆ ಕೊಡುವವರ ಬಳಿ. ಸಂಖ್ಯೆಗೆ ಉತ್ತರ ಬಂದು, ತಾಣದ ಹೆಸರು ಕೊಟ್ಟಾಗ 'ಹೋಸ್ಟ್ ಸಿಗಲಿಲ್ಲ' ಎಂದರೆ ವಿಳಾಸ ಪುಸ್ತಕದ ದೋಷ. ಕೆಲವು ಸರ್ವರುಗಳು ಬೇಕೆಂದೇ ಪಿಂಗ್‌ಗೆ ಓಗೊಡುವುದಿಲ್ಲವಾದ್ದರಿಂದ ಒಂದೇ ತಾಣ ನೋಡಿ ತೀರ್ಪು ಕೊಡಬಾರದು.

ನಾಲ್ಕು ಪಿಂಗ್‌ಗಳಲ್ಲಿ ಮೂರಕ್ಕೆ ಉತ್ತರ ಬಂದು ಒಂದಕ್ಕೆ ಬಾರದಿರುವುದೂ ಉಂಟು. ಇದೇ ಅರೆಬರೆ ಸಂಪರ್ಕ. ಫೋನಿನಲ್ಲಿ ಇದರ ಅತಿ ಸಾಮಾನ್ಯ ರೂಪವನ್ನು ಎಲ್ಲರೂ ಕಂಡಿದ್ದಾರೆ: ಮನೆಯಿಂದ ಹೊರಬಿದ್ದು ಗೇಟಿನ ಬಳಿ ನಿಂತಾಗ ಫೋನು ಮನೆಯ ವೈಫೈಯ ಕೊನೆಯ ಎಳೆಯನ್ನು ಬಿಡದೆ ಹಿಡಿದಿರುತ್ತದೆ. ಮೊಬೈಲ್ ಸಂಕೇತ ಚೆನ್ನಾಗಿದ್ದರೂ ಅದನ್ನು ಬಳಸದು. ವೈಫೈ ಆರಿಸಿದೊಡನೆ ನಿಂತಿದ್ದ ಆ್ಯಪ್ ಓಡುತ್ತದೆ.

ಇನ್ನು ಶಾಲೆ ಕಚೇರಿಗಳಲ್ಲಿ ಕಾಣುವ ಒಂದು ಬಗೆ. ಇಂಟರ್ನೆಟ್ಟೇ ಬೇಡದ ಕೆಲಸ, ಒಂದು ಪತ್ರ ಬರೆಯುವುದು. ಆದರೂ ಕಡತ ತೆರೆಯುವ ಗುಂಡಿ ಒತ್ತಿದರೆ ಯಂತ್ರ ನಿಮಿಷಗಟ್ಟಲೆ ನಿಲ್ಲುತ್ತದೆ. ಹುಡುಕಿದರೆ, ಹಿಂದೆಂದೋ ಇನ್ನೊಂದು ಕೋಣೆಯ ಕಂಪ್ಯೂಟರಿನ ಡ್ರೈವನ್ನು ಇದಕ್ಕೆ ಜೋಡಿಸಿಟ್ಟಿರುತ್ತಾರೆ. ಆ ಕಂಪ್ಯೂಟರು ಇಂದು ಆರಿಸಿದೆ. ಇಲ್ಲವೇ ವಾಡಿಕೆಯ ಪ್ರಿಂಟರ್ ಎಂದು ಗುರುತಿಸಿದ್ದು ಜಾಲದ ಮೇಲಿನ ಪ್ರಿಂಟರ್. ಅದನ್ನು ಗುಜರಿಗೆ ಹಾಕಿ ವರ್ಷವಾಗಿದೆ. ಯಂತ್ರ ಮಾತ್ರ ಪ್ರತಿ ಸಲ ಅದರ ಹೆಸರು ಹಿಡಿದು ಕೂಗಿ ಕಾಯುತ್ತದೆ. ಇಲ್ಲದ ಡ್ರೈವನ್ನು, ಸತ್ತ ಪ್ರಿಂಟರನ್ನು ಪಟ್ಟಿಯಿಂದ ತೆಗೆದುಹಾಕಿದರೆ 'ಹಳತಾಯಿತು' ಎಂದು ದೂರಿದ ಕಂಪ್ಯೂಟರು ಮತ್ತೆ ಲವಲವಿಕೆಯಿಂದ ಓಡುವುದನ್ನು ನೋಡಬಹುದು.

ಹಣ ಹೋಯಿತು, ರಸೀದಿ ಬರಲಿಲ್ಲ

ಇಷ್ಟೂ ಕಿರಿಕಿರಿಯ ಮಾತಾಯಿತು. ಹಣ ಕಟ್ಟುವಾಗ ಪರದೆ ನಿಂತರೆ ಅದು ಬರೀ ಕಿರಿಕಿರಿಯಲ್ಲ. ಅರ್ಜಿಯ ಕೊನೆಯ ದಿನ, ರಾತ್ರಿ ಹನ್ನೊಂದು ಗಂಟೆ, ಶುಲ್ಕ ಕಟ್ಟುವ ಗುಂಡಿ ಒತ್ತಿ ಆಗಿದೆ, ಚಕ್ರ ತಿರುಗುತ್ತಿದೆ. ಹಣ ಹೋಯಿತೋ ಇಲ್ಲವೋ? ಮತ್ತೆ ಒತ್ತಬೇಕೋ ಬೇಡವೋ?

ಗಣಕ ವಿಜ್ಞಾನದಲ್ಲಿ ಈ ಸಂಕಟಕ್ಕೆ ಒಂದು ಹಳೆಯ ಒಗಟು ಕನ್ನಡಿ ಹಿಡಿಯುತ್ತದೆ. 1975ರಲ್ಲಿ ಅಕ್ಕೊಯುನ್ಲು, ಏಕನಾಥಂ, ಹ್ಯೂಬರ್ ಎಂಬ ಮೂವರು ಇದನ್ನು ಗೂಂಡಾ ಪಡೆಗಳ ಕತೆಯಾಗಿ ಬರೆದರು. 1978ರಲ್ಲಿ ಜಿಮ್ ಗ್ರೇ ದಂಡನಾಯಕರ ಕತೆ ಮಾಡಿದರು. ಎರಡು ಬೆಟ್ಟಗಳ ಮೇಲೆ ಇಬ್ಬರು ದಂಡನಾಯಕರು, ನಡುವಿನ ಕಣಿವೆಯಲ್ಲಿ ವೈರಿ. ಇಬ್ಬರೂ ಒಂದೇ ಹೊತ್ತಿಗೆ ನುಗ್ಗಿದರೆ ಗೆಲುವು, ಒಬ್ಬನೇ ನುಗ್ಗಿದರೆ ಸೋಲು. 'ಬೆಳಗ್ಗೆ ಆರಕ್ಕೆ' ಎಂದು ಒಬ್ಬ ದೂತನನ್ನು ಕಳಿಸಿದ. ದೂತ ಕಣಿವೆಯಲ್ಲಿ ಸಿಕ್ಕಿಬಿದ್ದರೆ? 'ತಲುಪಿತು' ಎಂಬ ಮರು ಉತ್ತರ ಬರಬೇಕು. ಆ ಉತ್ತರ ತಂದವನು ಸಿಕ್ಕಿಬಿದ್ದರೆ? ಉತ್ತರ ತಲುಪಿತೆಂಬುದಕ್ಕೂ ಉತ್ತರ ಬೇಕು. ಎಷ್ಟು ದೂತರನ್ನು ಓಡಾಡಿಸಿದರೂ ಕೊನೆಯ ದೂತ ತಲುಪಿದನೇ ಎಂಬ ಅನುಮಾನ ಉಳಿದೇ ಉಳಿಯುತ್ತದೆ. ನಂಬಲಾಗದ ದಾರಿಯ ಮೇಲೆ ಪೂರ್ತಿ ಖಚಿತತೆ ಸಾಧ್ಯವಿಲ್ಲ. ಇದು ತಂತ್ರಜ್ಞಾನದ ಕೊರತೆಯಲ್ಲ, ತರ್ಕದಿಂದ ಸಿದ್ಧವಾದ ಮಾತು.

ಆದ್ದರಿಂದ ಪರದೆ ನಿಂತಾಗ ನಡೆದಿರಬಹುದಾದ್ದು ಎರಡು. ನಿಮ್ಮ ಕೋರಿಕೆ ಹೋಗುವಾಗಲೇ ಕಳೆದಿರಬಹುದು, ಹಣ ಹೋಗಿಲ್ಲ. ಅಥವಾ ಕೋರಿಕೆ ತಲುಪಿ, ಹಣ ಕಡಿತವಾಗಿ, ಬರುವ ದಾರಿಯಲ್ಲಿ ರಸೀದಿ ಕಳೆದಿರಬಹುದು. ಪರದೆಯ ಮುಂದೆ ಕುಳಿತವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಮತ್ತೆ ಒತ್ತಿದರೆ ಮೊದಲ ಪ್ರಸಂಗದಲ್ಲಿ ಕೆಲಸವಾಗುತ್ತದೆ, ಎರಡನೆಯದರಲ್ಲಿ ಹಣ ಎರಡು ಸಲ ಹೋಗುತ್ತದೆ. ಚೆನ್ನಾಗಿ ಬರೆದ ವ್ಯವಸ್ಥೆಗಳು ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಅಂಟಿಸಿ ಕಳಿಸುತ್ತವೆ. ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಹಣ ಮುಟ್ಟದೆ ಹಳೆಯ ರಸೀದಿಯನ್ನೇ ಕೊಡುತ್ತವೆ. ಎದುರಿಗಿರುವ ತಾಣ ಅಂಥದ್ದೇ ಎಂದು ತಿಳಿಯಲು ಬಳಕೆದಾರರಿಗೆ ದಾರಿಯಿಲ್ಲ. ಇಲ್ಲವೆಂದೇ ಭಾವಿಸಿ ನಡೆಯುವುದು ಕ್ಷೇಮ.

ಅಂದರೆ, ಬೆರಳನ್ನು ಹಿಂದೆಗೆದುಕೊಂಡು ಬೇರೆ ದಾರಿಯಿಂದ ವಿಚಾರಿಸಬೇಕು. ಬ್ಯಾಂಕಿನ ಎಸ್ಸೆಮ್ಮೆಸ್ ಬಂದಿದೆಯೇ, ಖಾತೆಯ ಪಟ್ಟಿಯಲ್ಲಿ ಕಡಿತ ಕಾಣುತ್ತದೆಯೇ ನೋಡಿ. ಇನ್ನೊಂದು ಫೋನಿನಿಂದ, ಸಾಧ್ಯವಾದರೆ ಇನ್ನೊಂದು ಕಂಪನಿಯ ಸಂಪರ್ಕದಿಂದ ಅರ್ಜಿಯ ತಾಣಕ್ಕೆ ಹೋಗಿ ಅರ್ಜಿ ಸಂಖ್ಯೆ ಕೊಟ್ಟು ಶುಲ್ಕದ ಸ್ಥಿತಿ ವಿಚಾರಿಸಿ. ನಿಂತ ಪರದೆಯ ಚಿತ್ರವನ್ನು ಗಂಟೆ ಕಾಣುವಂತೆ ತೆಗೆದಿಟ್ಟುಕೊಳ್ಳಿ. ಎರಡೂ ಕಡೆ ಏನೂ ಇಲ್ಲವೆಂದು ಖಚಿತವಾದ ಮೇಲಷ್ಟೇ ಮತ್ತೊಮ್ಮೆ ಕಟ್ಟುವುದು. ಉದ್ದದ ಅರ್ಜಿಗಳಲ್ಲಿ ಬರೆದದ್ದನ್ನು ಸಲ್ಲಿಸುವ ಮುನ್ನ ನಕಲು ಮಾಡಿ ಬೇರೆ ಕಡೆ ಇಟ್ಟುಕೊಂಡಿದ್ದರೆ ಪುಟ ಮಾಯವಾದರೂ ಹೊಸದಾಗಿ ಬೆರಳಚ್ಚಿಸುವ ಶಿಕ್ಷೆ ತಪ್ಪುತ್ತದೆ.

ಹಣ ಕಡಿತವಾಗಿ ಅತ್ತ ಕಡೆ ತಲುಪದೇ ಇದ್ದರೆ? ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಈ ಬಗ್ಗೆ ಸ್ಪಷ್ಟವಾಗಿದೆ. ಯುಪಿಐ ಮೂಲಕ ವ್ಯಾಪಾರಿಗೆ ಕಟ್ಟಿದ ಹಣ ಖಾತೆಯಿಂದ ಹೋಗಿ, ಪಡೆಯುವವರ ಕಡೆ ಖಚಿತವಾಗದಿದ್ದರೆ ವ್ಯವಹಾರದ ದಿನ ಬಿಟ್ಟು 5 ದಿನಗಳೊಳಗೆ ಅದು ತಾನಾಗಿ ಖಾತೆಗೆ ಮರಳಬೇಕು. ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ. ಹಣದ ಮಟ್ಟಿಗೆ ಇದು ದೊಡ್ಡ ಧೈರ್ಯ. ಅರ್ಜಿಯ ಮಟ್ಟಿಗೆ ಅಲ್ಲ. ಕೊನೆಯ ದಿನ ರಾತ್ರಿ ಕಟ್ಟಿದ ಶುಲ್ಕ ಐದನೆಯ ದಿನ ಹಿಂದಿರುಗಿದರೆ ದುಡ್ಡು ಮನೆಗೆ ಬಂತು, ಸೀಟು ಹೋಯಿತು. ಕೊನೆಯ ದಿನಕ್ಕೆ ಏಳೆಂಟು ದಿನ ಮುಂಚೆಯೇ ಕಟ್ಟಿದವರಿಗೆ ಮಾತ್ರ, ಹಣ ಮರಳಿದ ಮೇಲೆ ಇನ್ನೊಮ್ಮೆ ಕಟ್ಟಲು ಸಮಯ ಉಳಿದಿರುತ್ತದೆ.